ಹಾಲಿನ ಗಾಡಿ ರೇಸಿಗೆ ಹೋದ ಕಥೆ

‘ಏನಪ್ಪಾ ಇದು, ಗಾಡಿಯಿಂದ ಮೊಸರಿನ ವಾಸನೆ ಬರ್ತಿದೆ?’

ಡರ್ಟ್ ಟ್ರ್ಯಾಕ್ ರೇಸಿಗೆ ಮುಂಚೆ ಗಾಡಿ ತಪಾಸಣೆ ಮಾಡುತ್ತಿದ್ದವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಬ್ರೇಕು, ಚೈನು, ಕ್ಲಚ್ಚಿನ ಬಗ್ಗೆ ಕೇಳುತ್ತಾರೆ ಎಂದು ರಾತ್ರಿಯೆಲ್ಲ ಉತ್ತರ ರೆಡಿ ಮಾಡಿಕೊಂಡು ಹೋಗಿದ್ದೆ. ಮೊಸರಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಏಕೆಂದರೆ ಆ ಸ್ಪ್ಲೆಂಡರ್ ನನ್ನದಲ್ಲ, ಅಪ್ಪನದು. ದಿನಕ್ಕೆ ಎರಡು ಹೊತ್ತು ಡೇರಿಗೆ ಹಾಲು ಹೊರುವ ಗಾಡಿ. ಕ್ಯಾನಿನಿಂದ ತುಳುಕಿದ ಹಾಲು ಸೀಟಿನ ಸಂದಿಗೆಲ್ಲ ಇಳಿದು ಏಳು ವರ್ಷವಾಗಿತ್ತು.

ಅದು 2015ರ ಫೆಬ್ರುವರಿ. ನಾನು ಎರಡನೇ ವರ್ಷದ ಬಿ.ಕಾಂ. ನಮ್ಮದು ಬೇಲೂರು–ಚಿಕ್ಕಮಗಳೂರು ರಸ್ತೆಯಿಂದ ಒಳಗಿರುವ ಸಣ್ಣ ಊರು. ನಮ್ಮ ಕಡೆ ಭತ್ತದ ಕೊಯ್ಲು ಮುಗಿದು ಗದ್ದೆ ಖಾಲಿಯಾದರೆ ಹುಡುಗರ ಕೈಕಾಲು ಸುಮ್ಮನಿರುವುದಿಲ್ಲ. ಕ್ರಿಕೆಟ್, ವಾಲಿಬಾಲ್ ಟೂರ್ನಿಗಳ ಜೊತೆಗೆ ಬೈಕು, ಜೀಪುಗಳ ಹುಚ್ಚೂ ಮಲೆನಾಡಿಗೆ ಹಳೆಯದೇ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿಯೇ ನಡೆದಿದೆ. ಗೌರವ್ ಗಿಲ್ ಕಾರು ಧೂಳೆಬ್ಬಿಸಿಕೊಂಡು ಹೋಗುವುದನ್ನು ನೋಡಲು ಕ್ಲಾಸಿಗೆ ಚಕ್ಕರ್ ಹೊಡೆದವರಲ್ಲಿ ನಾವೂ ಇದ್ದೆವು.

ಆ ವರ್ಷ ಹುಚ್ಚಿಗೆ ಇನ್ನೊಂದು ಕಾರಣವೂ ಸೇರಿತ್ತು. ಅದರ ಹಿಂದಿನ ತಿಂಗಳಷ್ಟೇ ಬೆಂಗಳೂರಿನ ಸಿ.ಎಸ್. ಸಂತೋಷ್ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ್‍ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಎನಿಸಿಕೊಂಡಿದ್ದರು. ಅರ್ಜೆಂಟೀನಾ, ಚಿಲಿ, ಬೊಲಿವಿಯಾ ಸೇರಿ ಒಂಬತ್ತು ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಬಂದ ಸ್ಥಾನ 36. ಅಷ್ಟಕ್ಕೇ ಇಡೀ ದೇಶದ ಬೈಕ್ ಹುಡುಗರು ಕುಣಿದಾಡಿದ್ದರು. 36ನೇ ಸ್ಥಾನಕ್ಕೆ ಯಾಕಿಷ್ಟು ಸಂಭ್ರಮ ಎಂಬುದು ನನಗೆ ಆಗ ಅರ್ಥವಾಗಿರಲಿಲ್ಲ. ಅರ್ಥವಾಗಲು ಒಂದು ಸಲ ಮಣ್ಣು ತಿನ್ನಬೇಕಿತ್ತು.

ಚಿಕ್ಕಮಗಳೂರಿನ ಹೊರಗಿನ ಗದ್ದೆಬಯಲಿನಲ್ಲಿ ರೇಸ್ ಇದೆ, ಲೋಕಲ್ ಹುಡುಗರಿಗೆ ಬೇರೆ ಕ್ಲಾಸ್ ಇಟ್ಟಿದ್ದಾರೆ ಎಂದು ಸುದ್ದಿ ತಂದವನು ನನ್ನ ಗೆಳೆಯ. ಅವನ ಹತ್ತಿರ ಚಿಕ್ಕಪ್ಪನ ಆರ್‌ಎಕ್ಸ್ 100 ಇತ್ತು. 1996ಕ್ಕೇ ತಯಾರಿಕೆ ನಿಂತ ಗಾಡಿಯಾದರೂ ಇವತ್ತಿಗೂ ಅದರ ಸದ್ದು ಕೇಳಿದರೆ ಹುಡುಗರು ತಿರುಗಿ ನೋಡುತ್ತಾರೆ. ‘ನಿನ್ನದೂ ನೂರು ಸಿಸಿ, ನಂದೂ ನೂರು ಸಿಸಿ. ಇನ್ನೇನ್ ಮಗಾ?’ ಅಂದ. ವ್ಯತ್ಯಾಸ ಬಿಡಿಸಿ ಹೇಳಿದ್ದು ಗ್ಯಾರೇಜಿನ ಭಾಯ್. ಆರ್‌ಎಕ್ಸ್ ಟೂ ಸ್ಟ್ರೋಕ್; ಎಂಜಿನ್ ಒಂದು ಸುತ್ತು ತಿರುಗಿದರೆ ಒಂದು ಸಲ ಪೆಟ್ರೋಲ್ ಉರಿಯುತ್ತದೆ. ಸ್ಪ್ಲೆಂಡರ್ ಫೋರ್ ಸ್ಟ್ರೋಕ್. ಎರಡು ಸುತ್ತಿಗೆ ಒಂದು ಸಲ. ಅದಕ್ಕೇ ಅಲ್ಲಿ 11 ಅಶ್ವಶಕ್ತಿ, ಇಲ್ಲಿ 8ರೊಳಗೆ. ‘ಅದು ಕುದುರೆ, ಇದು ಎತ್ತು’ ಎಂದು ಭಾಯ್ ಎರಡೇ ಮಾತಿನಲ್ಲಿ ಮುಗಿಸಿದರು. ‘ಎತ್ತು ಬೀಳೋದು ಕಮ್ಮಿ’ ಎಂದು ಸಮಾಧಾನವನ್ನೂ ಹೇಳಿದರು. ಅದೊಂದು ಸುಳ್ಳಾಯಿತು.

ಮನೆಯಲ್ಲಿ ನಾನು ಹೇಳಿದ ಸುಳ್ಳು ಬೇರೆ: ‘ಅಪ್ಪಾ, ಭಾನುವಾರ ಕಾಲೇಜಲ್ಲಿ ಸ್ಪೆಷಲ್ ಕ್ಲಾಸು. ಗಾಡಿ ತಗೊಂಡೋಗ್ತೀನಿ.’ ಅಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಭಾನುವಾರವೂ ಪಾಠ ಮಾಡುವ ಮೇಷ್ಟ್ರ ಬಗ್ಗೆ ಅವನಿಗೆ ಗೌರವ ಬಂತು. ‘ಸಂಜೆ ಹಾಲಿನ ಹೊತ್ತಿಗೆ ಬಂದ್ಬುಡು’ ಎಂದಷ್ಟೇ ಹೇಳಿ ಬೀಗದ ಕೈ ಕೊಟ್ಟ.

ಬೆಳಗಿನ ಹಾಲು ಹಾಕಿ ನೇರ ಗ್ಯಾರೇಜಿಗೆ ಹೋದೆ. ಹೆಡ್‌ಲೈಟು, ಇಂಡಿಕೇಟರು, ಕನ್ನಡಿ, ಸ್ಟ್ಯಾಂಡು, ಕ್ಯಾನು ನೇತುಹಾಕುವ ಕಬ್ಬಿಣದ ಕೊಕ್ಕೆ ಎಲ್ಲವೂ ಬಿಚ್ಚಿ ಗೊಬ್ಬರದ ಚೀಲ ಸೇರಿದವು. ಬಿದ್ದಾಗ ಗಾಜು ಒಡೆದು ಯಾರಿಗೂ ಚುಚ್ಚಬಾರದು, ಸ್ಟ್ಯಾಂಡು ನೆಲಕ್ಕೆ ಸಿಕ್ಕಿಕೊಳ್ಳಬಾರದು, ಅದಕ್ಕೆ ಇವೆಲ್ಲ ಇರುವಂತಿಲ್ಲ. ಹಿಂದಿನ ಚಕ್ರಕ್ಕೆ ಯಾರೋ ಬಿಟ್ಟುಹೋಗಿದ್ದ ಹಳೆಯ ಬಟನ್ ಟೈರು ಹಾಕಿದರು. ಮಣ್ಣಿನಲ್ಲಿ ಹಿಡಿತ ಸಿಗಲೆಂದು ಗಾಳಿಯನ್ನೂ ಸ್ವಲ್ಪ ಇಳಿಸಿದರು. ನನಗೆ ಸಿಕ್ಕಿದ ನಂಬರು 27. ಅದನ್ನು ಸೈಡ್ ಕವರಿನ ಮೇಲೆ ಬಿಳಿ ಇನ್ಸುಲೇಷನ್ ಟೇಪಿನಲ್ಲಿ ನಾನೇ ಅಂಟಿಸಿದೆ.

ಸೇಫ್ಟಿ ಸಾಮಾನಿನ ಕಥೆ ಇನ್ನೂ ಚೆನ್ನಾಗಿದೆ. ಹೆಲ್ಮೆಟ್, ಗ್ಲೌಸ್, ಮೊಣಕೈ–ಮೊಣಕಾಲಿನ ಗಾರ್ಡ್, ಗಟ್ಟಿ ಬೂಟು ಇಲ್ಲದೆ ಒಳಗೇ ಬಿಡುವುದಿಲ್ಲ. ಉಳಿದವನ್ನೆಲ್ಲ ಅವರಿವರಿಂದ ಬೇಡಿ ತಂದಿದ್ದೆ. ಬೂಟಿಗೆ ಮಾತ್ರ ಗದ್ದೆ ಕೆಲಸದ ಅಪ್ಪನ ಗಮ್‌ಬೂಟು ಹಾಕಿಕೊಂಡಿದ್ದೆ. ತಪಾಸಣೆಯವರು ಅದನ್ನು ನೋಡಿ, ‘ನಾಟಿ ಮುಗಿದಿದೆ ಕಣಯ್ಯಾ’ ಎಂದು ವಾಪಸ್ ಕಳಿಸಿದರು. ಕೊನೆಗೆ ಹಾಸ್ಟೆಲ್ ಹುಡುಗನೊಬ್ಬನ ಎನ್‌ಸಿಸಿ ಬೂಟು ಸಿಕ್ಕಿತು. ಸೈಜು ಹತ್ತು, ನನ್ನ ಕಾಲು ಎಂಟು. ಮೂರು ಜೊತೆ ಸಾಕ್ಸ್ ತುಂಬಿದೆ. ಗೇರ್ ಹಾಕಿದರೆ ಬಿತ್ತೋ ಇಲ್ಲವೋ ಎಂದು ಕಾಲಿಗೆ ಗೊತ್ತಾಗುತ್ತಿರಲಿಲ್ಲ.

ಟ್ರ್ಯಾಕ್ ಎಂದರೆ ಜೆಸಿಬಿಯಲ್ಲಿ ಬದು ಕಡಿದು ಮಾಡಿದ ಅಂಕುಡೊಂಕು ಹಾದಿ. ನಡುನಡುವೆ ಮಣ್ಣು ಗುಡ್ಡೆ ಹಾಕಿದ ಜಂಪುಗಳು, ತಿರುವಿನಲ್ಲಿ ಹಳೇ ಟೈರು, ಹುಲ್ಲಿನ ಪಿಂಡಿ. ಧೂಳು ಏಳದಂತೆ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಾರೆ. ಆ ದಿನ ಟ್ಯಾಂಕರಿನವನು ಎಷ್ಟು ಧಾರಾಳಿ ಎಂದರೆ, ತಾನೇ ಹೊಡೆದ ನೀರಿನ ಕೆಸರಿನಲ್ಲಿ ತಾನೇ ಹೂತುಕೊಂಡ. ಅದನ್ನು ಎಳೆಯಲು ಜೆಸಿಬಿ ಬಂತು. ಜನ ರೇಸಿಗಿಂತ ಹೆಚ್ಚಿನ ಶಿಳ್ಳೆ ಹೊಡೆದದ್ದು ಅದಕ್ಕೇ. ಹನ್ನೊಂದಕ್ಕೆ ಶುರುವಾಗಬೇಕಿದ್ದ ರೇಸು ಶುರುವಾದಾಗ ಒಂದೂವರೆ. ಲೋಕಲ್ ಕ್ಲಾಸು ಎಲ್ಲಕ್ಕಿಂತ ಕೊನೆಗೆ. ಸಮಯ ಇಲ್ಲವೆಂದು ಟೂ ಸ್ಟ್ರೋಕು, ಫೋರ್ ಸ್ಟ್ರೋಕು ಎಲ್ಲವನ್ನೂ ಒಟ್ಟಿಗೆ ಬಿಟ್ಟರು. ಆಗ ಗಂಟೆ ನಾಲ್ಕೂ ಮುಕ್ಕಾಲು. ನಮ್ಮೂರ ಡೇರಿ ಮುಚ್ಚುವುದು ಆರೂವರೆಗೆ. ಎದೆ ಹೊಡೆದುಕೊಳ್ಳುತ್ತಿದ್ದುದು ರೇಸಿಗೋ ಡೇರಿಗೋ ನನಗೇ ತಿಳಿಯಲಿಲ್ಲ.

ಹದಿನಾಲ್ಕು ಗಾಡಿ, ಆರು ಸುತ್ತು. ಬಾವುಟ ಬಿದ್ದಿತು. ಹದಿಮೂರು ಗಾಡಿ ಹೋದವು. ನನ್ನದು ಆಫ್ ಆಯಿತು. ಬೂಟು ಗೇರಿನ ಮೇಲೆ ಕೂತಿತ್ತು. ಕಿಕ್ ಹೊಡೆದು ಹೊರಡುವಷ್ಟರಲ್ಲಿ ಮೈಕಿನವರಿಗೆ ನಾನು ಸಿಕ್ಕಿಬಿದ್ದಿದ್ದೆ. ಮೊಸರಿನ ಸುದ್ದಿ ಅವರಿಗೂ ಹೋಗಿತ್ತು. ‘ನಂಬರ್ ಇಪ್ಪತ್ತೇಳು, ಹಾಲಿನ ಗಾಡಿ! ಡೇರಿಗೆ ಟೈಮ್ ಆಯ್ತು, ಬೇಗ ಬಾರಪ್ಪಾ!’ ಜನ ಗೊಳ್ಳೆಂದರು. ಅದು ತಮಾಷೆಯಲ್ಲ, ನಿಜ ಎಂದು ಆ ಮೈದಾನದಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಮಣ್ಣಿನಲ್ಲಿ ತಿರುವು ತೆಗೆದುಕೊಳ್ಳುವುದು ಟಾರು ರಸ್ತೆಯ ಹಾಗಲ್ಲ. ಒಳಗಿನ ಕಾಲನ್ನು ಮುಂದಕ್ಕೆ ಚಾಚಬೇಕು, ಮೈಭಾರವನ್ನು ಹೊರಗಿನ ಫುಟ್‌ರೆಸ್ಟಿನ ಮೇಲೆ ಹಾಕಬೇಕು, ಹಿಂದಿನ ಚಕ್ರ ಜಾರಿದರೆ ಜಾರಲು ಬಿಟ್ಟು ಆಕ್ಸಿಲರೇಟರಿನಲ್ಲೇ ಸರಿ ಮಾಡಿಕೊಳ್ಳಬೇಕು. ಹೆದರಿ ಮುಂದಿನ ಬ್ರೇಕ್ ಹಿಡಿದೆಯೋ, ನೆಲವೇ ಗತಿ. ಭಾಯ್ ಇದನ್ನು ಹತ್ತು ಸಲ ಹೇಳಿದ್ದರು. ನಾನು ಎರಡನೇ ಸುತ್ತಿನಲ್ಲೇ ಹೆದರಿ ಮುಂದಿನ ಬ್ರೇಕ್ ಹಿಡಿದೆ. ಎದ್ದು ನೋಡಿದರೆ ನನ್ನ ಹೆಲ್ಮೆಟ್ಟಿನೊಳಗೂ ಗದ್ದೆ. ನಾಲ್ಕನೇ ಸುತ್ತಿನ ಜಂಪಿನಲ್ಲಿ ಇನ್ನೊಂದು ತಪ್ಪು. ಎದ್ದು ನಿಂತು ಮಂಡಿ ಮಡಿಸಿ, ಹಿಂದಿನ ಚಕ್ರ ಮೊದಲು ಇಳಿಯುವಂತೆ ನೋಡಿಕೊಳ್ಳಬೇಕಿತ್ತು. ನನ್ನದು ಮುಂದಿನ ಚಕ್ರವೇ ಮೊದಲು ಇಳಿಯಿತು. ಫೋರ್ಕು ಬಾಗಿತು, ರಿಮ್ಮು ಸೊಟ್ಟಗಾಯಿತು. ಅಲ್ಲಿಂದಾಚೆಗೆ ಗಾಡಿ ನೇರ ಹೋಗಬೇಕೆಂದರೆ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿ ಹಿಡಿಯಬೇಕಿತ್ತು.

ಅತ್ತ ನನ್ನ ಗೆಳೆಯ ಎರಡನೇ ಸ್ಥಾನದಲ್ಲಿ ಹಾರುತ್ತಿದ್ದ. ಕೊನೆಯ ಸುತ್ತಿನಲ್ಲಿ ಅವನ ಆರ್‌ಎಕ್ಸ್ ಕೆಮ್ಮಿ ಕೆಮ್ಮಿ ನಿಂತುಹೋಯಿತು. ಭಾರ ಕಡಿಮೆಯಾಗಲಿ ಎಂದು ಪೆಟ್ರೋಲನ್ನು ಲೆಕ್ಕ ಹಾಕಿ ತುಂಬಿಸಿದ್ದ ಬುದ್ಧಿವಂತ, ನಿಂತಾಗ ರಿಸರ್ವಿಗೆ ತಿರುಗಿಸಲು ಮರೆತು ಕಿಕ್ ಹೊಡೆಯುತ್ತಲೇ ಇದ್ದ! ಹ್ಯಾಂಡಲ್ ಸೊಟ್ಟಗೆ ಹಿಡಿದು ಅವನ ಪಕ್ಕದಲ್ಲೇ ನಾನು ಹೋದೆ. ‘ಲೋ ನಿಲ್ಲೋ’ ಎಂದು ಕೂಗಿದ. ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವ ನಂಬಿಕೆ ಇರಲಿಲ್ಲ. ಹೋಗಿ ಗೆರೆ ದಾಟಿದೆ. ಹದಿನಾಲ್ಕರಲ್ಲಿ ರೇಸ್ ಮುಗಿಸಿದವರು ಹನ್ನೊಂದು ಮಂದಿ. ನಾನು ಹನ್ನೊಂದನೆಯವನು. ಆದರೂ ಆ ಚೆಕ್ಕು ಚೆಕ್ಕಿನ ಬಾವುಟ ನನಗೂ ಬೀಸಿದರು. ಡಕಾರಿನ 36ನೇ ಸ್ಥಾನದ ಬೆಲೆ ಏನೆಂದು ಆ ಕ್ಷಣ ತಿಳಿಯಿತು.

ಸಂತೋಷ ಇದ್ದದ್ದು ಐದೇ ನಿಮಿಷ. ಸೊಟ್ಟಗಾದ ಗಾಡಿಯನ್ನು ಲಗೇಜ್ ಆಟೊಗೆ ಹೇರಿಕೊಂಡು ಊರು ಮುಟ್ಟಿದಾಗ ರಾತ್ರಿ ಎಂಟು. ಗೊಬ್ಬರದ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಕಾಲಿಟ್ಟರೆ ಮನೆ ತುಂಬ ಏಲಕ್ಕಿ ಘಮ. ಅಕ್ಕಪಕ್ಕದ ಮನೆಯವರು ಲೋಟ ಹಿಡಿದು ಜಗಲಿ ಮೇಲೆ ಕೂತಿದ್ದಾರೆ. ಅವ್ವ ಪಾಯಸ ಹಂಚುತ್ತಿದ್ದಾಳೆ!

ಆದದ್ದಿಷ್ಟು. ಆರು ಗಂಟೆವರೆಗೂ ಅಪ್ಪ ದಾರಿ ಕಾದಿದ್ದ. ಆಮೇಲೆ ಒಂಬತ್ತು ಲೀಟರ್ ಹಾಲಿನ ಕ್ಯಾನು ಹೆಗಲಿಗೇರಿಸಿ ಎರಡು ಕಿ.ಮೀ. ನಡೆದುಹೋಗಿದ್ದ. ಅವನು ಮುಟ್ಟುವಷ್ಟರಲ್ಲಿ ಡೇರಿ ಬಾಗಿಲು ಹಾಕಿತ್ತು. ಅದೇ ಕ್ಯಾನು ಹೊತ್ತು ಅಷ್ಟೇ ದೂರ ವಾಪಸ್ ನಡೆದಿದ್ದ. ಹಾಲು ಹಾಳಾಗಬಾರದೆಂದು ಅವ್ವ ಒಂದಿಷ್ಟಕ್ಕೆ ಹೆಪ್ಪು ಹಾಕಿ, ಉಳಿದದ್ದಕ್ಕೆ ಶ್ಯಾವಿಗೆ ಸುರಿದಿದ್ದಳು. ಅಷ್ಟರಲ್ಲಿ ರೇಸು ನೋಡಿ ಬಂದ ಊರಿನ ಹುಡುಗನೊಬ್ಬ ಸುದ್ದಿ ಮುಟ್ಟಿಸಿದ್ದ. ರೇಸು, ಪಾಯಸ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ ಪಕ್ಕದ ಮನೆ ಅಜ್ಜಿ ಕೇಳಿಯೇಬಿಟ್ಟಳು: ‘ಗೆದ್ದೇನ್ಲಾ ಮಗಾ?’

ನಾನು ಬಾಯಿ ಬಿಡಲಿಲ್ಲ. ಅಪ್ಪ ನನ್ನ ಮುಖ ನೋಡಿದ.

‘ಎಷ್ಟನೇದು ಬಂದ್ಯೋ?’

‘ಹನ್ನೊಂದನೇದು.’

‘ಎಷ್ಟ್ ಜನ ಇದ್ರಿ?’

‘ಮುಗ್ಸಿದ್ದು ಹನ್ನೊಂದ್ ಜನ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವ್ನಿಗೂ ಒಂದ್ ಲೋಟ ಕೊಡೇ’ ಎಂದು ಒಳಗೆ ಹೋದ. ಹೋಗುವಾಗ ಎಡಗೈಯಿಂದ ಬಲ ಹೆಗಲನ್ನು ಉಜ್ಜಿಕೊಂಡ. ಅಷ್ಟು ಸಿಹಿಯಾದ ಪಾಯಸ ಅಷ್ಟು ಕಷ್ಟಪಟ್ಟು ನಾನು ಇನ್ನೊಮ್ಮೆ ನುಂಗಿಲ್ಲ. ಬೈದಿದ್ದರೆ, ಎರಡು ಬಿಟ್ಟಿದ್ದರೆ ಅದನ್ನೂ ತಮಾಷೆಯ ಲೆಕ್ಕಕ್ಕೆ ಸೇರಿಸಿ ಗೆಳೆಯರಿಗೆ ಹೇಳುತ್ತಿದ್ದೆ. ಆ ಹೆಗಲು ಉಜ್ಜಿಕೊಂಡದ್ದನ್ನು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಫೋರ್ಕು, ರಿಮ್ಮು ಸೇರಿ ರಿಪೇರಿಗೆ 1,800 ರೂಪಾಯಿ ಬಂತು. ಭಾಯ್ ಕೂಲಿ ಹಿಡಿಯಲಿಲ್ಲ, ಸಾಮಾನಿನ ದುಡ್ಡು ಮಾತ್ರ. ಅದು ಹೋದದ್ದು ಅಪ್ಪನ ಹಾಲಿನ ಬಟವಾಡೆಯಿಂದ. ಗಾಡಿ ರೆಡಿಯಾಗುವವರೆಗೆ ಒಂದು ವಾರ ಎರಡು ಹೊತ್ತೂ ಕ್ಯಾನು ಹೊತ್ತು ನಡೆದವನು ನಾನು. ಮೂರನೇ ದಿನಕ್ಕೆ ನನ್ನ ಹೆಗಲೂ ಕೆಂಪಾಯಿತು. ಒಂಬತ್ತು ಲೀಟರ್ ಹಾಲು ಎಷ್ಟು ಭಾರ ಎಂದು ಬಿ.ಕಾಂ. ಪುಸ್ತಕದಲ್ಲಿ ಇರಲಿಲ್ಲ.

ಆಮೇಲೆ ನಾನು ರೇಸಿಗೆ ಹೋದದ್ದೆಲ್ಲ ಬಾವುಟ ಹಿಡಿಯಲು. ತಿರುವಿನಲ್ಲಿ ಯಾರಾದರೂ ಬಿದ್ದರೆ ಹಿಂದಿನವರಿಗೆ ಹಳದಿ ಬಾವುಟ ತೋರಿಸುವ ಕೆಲಸ. ಹೇಗೆ ಬೀಳುತ್ತಾರೆ ಎಂಬುದರಲ್ಲಿ ನನಗೆ ಅನುಭವ ಇತ್ತಲ್ಲ! ಅಲ್ಲಿ ನಿಂತು ನೋಡುವಾಗೆಲ್ಲ ಅನ್ನಿಸುವುದು ಒಂದೇ: ಪ್ರತಿ ಗಾಡಿಯ ಹಿಂದೆಯೂ ಕಾಣದ ಯಾರದೋ ಒಂದು ಹೆಗಲಿದೆ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್ ಮುಗಿಸಿ 37ನೆಯವರಾದಾಗ, ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಾಗ, ಸುದ್ದಿ ಓದುತ್ತಾ ನಾನು ಯೋಚಿಸಿದ್ದು ಅವರ ಮನೆಯಲ್ಲಿ ಕಾದು ಕೂತಿದ್ದವರ ಬಗ್ಗೆ.

ನಿಮಗೂ ಆಸೆ ಇದ್ದರೆ ಖಂಡಿತ ಹೋಗಿ. ಊರಿನ ರಸ್ತೆಯಲ್ಲಿ ವ್ಹೀಲಿ ಮಾಡುವುದಕ್ಕಿಂತ ಅಂಬುಲೆನ್ಸ್ ನಿಂತಿರುವ, ಬೂಟು ಸರಿಯಿಲ್ಲವೆಂದು ವಾಪಸ್ ಕಳಿಸುವ ಟ್ರ್ಯಾಕು ಸಾವಿರ ಪಾಲು ಮೇಲು. ಆದರೆ ಮನೆಯಲ್ಲಿ ಹೇಳಿ ಹೋಗಿ. ಸಂಜೆ ಹಾಲಿಗೆ ಬೇರೆ ವ್ಯವಸ್ಥೆ ಮಾಡಿ ಹೋಗಿ.

ಗಾಡಿ ರಿಪೇರಿಯಾಗಿ ಬಂದ ದಿನ ಬ್ಲೇಡು ಹಿಡಿದು ಸೈಡ್ ಕವರಿನ 27 ಕೆರೆಯಲು ಕೂತಿದ್ದೆ. ಅಪ್ಪ ತಡೆದ. ‘ಇರ್ಲಿ ಬಿಡ್ಲಾ, ಡೇರಿ ಹತ್ರ ಗಾಡಿ ಗುರ್ತು ಸಿಕ್ತದೆ’ ಅಂದ. ಗಾಡಿ ಈಗಲೂ ಇದೆ, ಹಾಲು ಹೊರುತ್ತಿದೆ. ಮಳೆ ಬಿಸಿಲಿಗೆ ಎರಡು ಉದುರಿಹೋಗಿ ಏಳು ಮಾತ್ರ ಉಳಿದಿದೆ. ಡೇರಿಯಲ್ಲಿ ಹೊಸಬರು ಯಾರಾದರೂ ಇದೇನು ಎಂದು ಕೇಳಿದರೆ ಅಪ್ಪ ಹೇಳುತ್ತಾನಂತೆ:

‘ನಮ್ ಹುಡ್ಗ ರೇಸಲ್ಲಿ ಏಳನೇದು ಬಂದಿದ್ದ.’