ಕಾಡು ಕಾಯುವ ಕೈಗೆ ಒಳ್ಳೆಯ ಕತ್ತಿ

ಕಾಡು ಕಾಯುವವರಿಗೆ ಏನಾದರೂ ಕೊಡಬೇಕೆಂಬ ಮನಸ್ಸು ನಮ್ಮ ಸಂಘ ಸಂಸ್ಥೆಗಳಿಗೆ ಆಗಾಗ ಬರುವುದುಂಟು. ಟಾರ್ಚು, ಬೂಟು, ಮಳೆ ಅಂಗಿ ಕೊಡುವುದು ರೂಢಿ. ಆದರೆ ಗಸ್ತಿಗೆ ಹೊರಟವರ ಕೈಯಲ್ಲಿ ಹೆಚ್ಚು ದುಡಿಯುವ ಸಾಧನವೆಂದರೆ ಮಚ್ಚುಗತ್ತಿ. ಅದನ್ನೇ ಏಕೆ ಕೊಡಬಾರದು? ಖಂಡಿತ ಕೊಡಬಹುದು. ಆದರೆ ಎಂಥ ಕತ್ತಿ, ಯಾರು ಮಾಡಿದ್ದು, ಹೇಗೆ ಕೊಡಬೇಕು ಎಂಬುದನ್ನು ಮೊದಲು ತಿಳಿಯಬೇಕು. ಕೆಟ್ಟ ಕತ್ತಿ ಕೊಡುವುದಕ್ಕಿಂತ ಕೊಡದಿರುವುದೇ ಲೇಸು.

ಬಾಗಲಕೋಟೆ ಜಿಲ್ಲೆಯ ಕಾಡು ಮಲೆನಾಡಿನ ಕಾಡಿನಂತಲ್ಲ. ಇಲ್ಲಿರುವುದು ಬಹುಪಾಲು ಕುರುಚಲು ಮತ್ತು ಮುಳ್ಳುಕಂಟಿ. ಮುಧೋಳ, ಬೀಳಗಿ ಭಾಗದ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವೂ ಇಂಥದೇ ನೆಲ. ಇಲ್ಲಿ ಕತ್ತಿಯ ಕೆಲಸ ಬೇಟೆಯಲ್ಲ, ಹೊಡೆದಾಟವೂ ಅಲ್ಲ. ದಾರಿಗೆ ಅಡ್ಡ ಬಿದ್ದ ಬಳ್ಳಾರಿ ಜಾಲಿಯನ್ನು ಕಡಿಯಬೇಕು. ಕಳ್ಳಬೇಟೆಗಾರರು ಒಡ್ಡಿದ ಉರುಳಿನ ಗೂಟ ಕಿತ್ತೊಗೆಯಬೇಕು. ಬೇಸಿಗೆ ಬರುವ ಮುನ್ನ ಬೆಂಕಿ ರೇಖೆ ಸವರಬೇಕು. ಬೆಂಕಿ ಬಿದ್ದಾಗಲಂತೂ ಹಸಿ ಸೊಪ್ಪಿನ ಕೊಂಬೆ ಕಡಿದು ಜ್ವಾಲೆ ಬಡಿಯಬೇಕು. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚಿನಲ್ಲಿ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಬೆಂಕಿಯೆದುರು ನಿಂತವರಿಗೆ ನಿಮಿಷಗಳ ಲೆಕ್ಕವೇ ಬೇರೆ. ಆಗ ಅಲಗು ಮಡಚಿಕೊಂಡರೆ ಅಥವಾ ಹಿಡಿ ಕಳಚಿಕೊಂಡರೆ ಗತಿಯೇನು?

ಇನ್ನೊಂದು ತೊಡಕು ಕಲ್ಲಿನದು. ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು. ಇಳಕಲ್ಲಿನ ಕಲ್ಲು ಕೆಂಪು ಗ್ರಾನೈಟು. ಎರಡರಲ್ಲೂ ಬೆಣಚಿನ ಕಣಗಳಿವೆ. ಬೆಣಚು ಉಕ್ಕಿಗಿಂತಲೂ ಗಡಸು. ಬಂಡೆಯ ಸಂದಿನಲ್ಲಿ ಬೆಳೆದ ಕಂಟಿಯನ್ನು ಕಡಿಯುವಾಗ ಅಲಗು ಕಲ್ಲಿಗೆ ತಾಗಿಯೇ ತಾಗುತ್ತದೆ. ಆದ್ದರಿಂದ ಎಂದೂ ಮೊಂಡಾಗದ ಕತ್ತಿಯನ್ನು ಹುಡುಕಿ ಫಲವಿಲ್ಲ. ಮುರಿಯದ, ಬೇಗ ಮಸೆಯಲು ಬರುವ ಕತ್ತಿ ನಮಗೆ ಬೇಕು. ಥಳಥಳ ಹೊಳೆಯುವ ಅಗ್ಗದ ಸ್ಟೀಲ್ ಕತ್ತಿ ನೋಡಲು ಚೆಂದ, ಆದರೆ ಹರಿತ ಬಹಳ ಹೊತ್ತು ನಿಲ್ಲದು.

ಹಾಗಾದರೆ ಯಾವ ಲೋಹ ಒಳ್ಳೆಯದು? ಉತ್ತರ ನಮ್ಮ ಹಳ್ಳಿಯ ಕುಲುಮೆಯಲ್ಲೇ ಇದೆ: ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ. ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇಕಡಾ 0.5ರಿಂದ 0.6ರಷ್ಟಿರುತ್ತದೆ. ಗಡಸುತನಕ್ಕೂ ತಾಳಿಕೆಗೂ ಇದು ಹದವಾದ ಪ್ರಮಾಣ. ಆದರೆ ಲೋಹ ಒಳ್ಳೆಯದಿದ್ದರೆ ಸಾಲದು, ಕಾಯಿಸುವ ಕ್ರಮವೂ ಸರಿಯಿರಬೇಕು.

ಬಡಿದು ರೂಪ ಕೊಟ್ಟ ಅಲಗನ್ನು ಸುಮಾರು 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಕಮ್ಮಾರರ ಬಳಿ ಉಷ್ಣಮಾಪಕ ಎಲ್ಲಿಂದ ಬರಬೇಕು? ಅದಕ್ಕೂ ಉಪಾಯವಿದೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅಂಟುವುದು ನಿಂತ ಮೇಲೆ ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ತಣ್ಣೀರಿನಲ್ಲಿ ಅದ್ದಿದರೆ ಈ ಉಕ್ಕು ಸೀಳುವ ಭಯವಿದೆ. ಅದ್ದಿ ತೆಗೆದ ಅಲಗು ಬಹಳ ಗಡಸು, ಆದರೆ ಗಾಜಿನಂತೆ ಪೆಡಸು. ಅಲ್ಲಿಗೇ ಬಿಟ್ಟರೆ ಕಲ್ಲಿಗೆ ತಾಗಿದ ಕೂಡಲೇ ಚೂರು ಹಾರುತ್ತದೆ. ಅದಕ್ಕಾಗಿ ಮತ್ತೆ ಮಂದ ಶಾಖದಲ್ಲಿ ಕಾಯಿಸಿ ಹದ ತರಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಬಣ್ಣ ಮೂಡುತ್ತವೆ. ಕಡಿಯುವ ಕತ್ತಿಗೆ ನೇರಳೆ ಬಣ್ಣ, ಅಂದರೆ ಸುಮಾರು 280 ಡಿಗ್ರಿ, ತಕ್ಕ ಹದ.

ಇದೇನೂ ಹೊಸ ವಿದ್ಯೆಯಲ್ಲ. ಕಲ್ಲು ಒಡೆಯುವವರ ಉಳಿಯ ಮೊನೆಗೆ ಕಮ್ಮಾರರು ಹದ ಕೊಡುವುದೂ ಹೀಗೆ ಬಣ್ಣ ನೋಡಿಯೇ. ಇಳಕಲ್, ಹುನಗುಂದದಂಥ ಕಲ್ಲಿನ ಸೀಮೆಯಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ‘ಉಕ್ಕು’ ಎಂಬ ನಮ್ಮ ಮಾತಿನಿಂದಲೇ ‘ವೂಟ್ಜ್’ ಎಂಬ ಹೆಸರು ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. ಆ ಉಕ್ಕನ್ನು ಪರೀಕ್ಷಿಸಿ ಮೈಕೆಲ್ ಫ್ಯಾರಡೆ 1819ರಲ್ಲಿ ಲೇಖನ ಬರೆದರು.

ಕೊಳ್ಳುವವರು ಎರಡು ಪರೀಕ್ಷೆ ಮಾಡಬಹುದು. ಅಲಗಿನ ಅಂಚಿಗೆ ಅರ ಎಳೆಯಿರಿ. ಅರ ಜಾರಿದರೆ ತೀರ ಗಡಸು, ಆಳವಾಗಿ ಕಚ್ಚಿದರೆ ಮೆತ್ತಗೆ, ಹಗುರಾಗಿ ಕಚ್ಚಿದರೆ ಸರಿ. ಎರಡನೆಯದು, ಒಣ ಜಾಲಿ ಕೊಂಬೆಯನ್ನು ಹತ್ತು ಸಲ ಕಡಿದು ನೋಡಿ. ಅಂಚು ಚೂರಾಗಿದ್ದರೆ ಪೆಡಸು, ಮಡಚಿದ್ದರೆ ಮೆತ್ತಗೆ. ಹಿಡಿಯೊಳಗೆ ಉಕ್ಕು ಕೊನೆಯವರೆಗೂ ಹಾಯ್ದು, ರಿವೆಟ್ ಹೊಡೆದಿರಬೇಕು. ಕತ್ತಿಯ ಜೊತೆಗೆ ಗಟ್ಟಿ ಒರೆ ಮತ್ತು ಸಾಣೆಕಲ್ಲು ಇರಲೇಬೇಕು. ಒರೆಯಿಲ್ಲದ ಕತ್ತಿ ಬೈಕಿನ ಮೇಲೆ, ಇಳಿಜಾರಿನಲ್ಲಿ, ಹೊತ್ತವರಿಗೇ ಅಪಾಯ.

ಇನ್ನು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿರುವ ಅಲಗನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸುತ್ತವೆ. ಮನೆ, ಕೃಷಿ, ಕೈಗಾರಿಕೆ ಮುಂತಾದ ಕೆಲಸಕ್ಕೆಂದೇ ಮಾಡಿದವಕ್ಕೆ ವಿನಾಯಿತಿ ಉಂಟು. ಆದರೂ ಅಳತೆಯೊಳಗೆ ಇರುವುದು ಕ್ಷೇಮ. ಸರ್ಕಾರಿ ನೌಕರರು ಕಾಣಿಕೆ ಪಡೆಯಲು ನಡತೆ ನಿಯಮಗಳೂ ಇವೆ. ಆದ್ದರಿಂದ ಯಾರ ಕೈಗೂ ನೇರ ಕೊಡದೆ, ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಪತ್ರ ಬರೆದು, ಒಪ್ಪಿಗೆ ಪಡೆದು ಕೊಡಿ. ಕತ್ತಿ ದಾಸ್ತಾನು ಪುಸ್ತಕಕ್ಕೆ ಏರಿದರೆ, ಒಬ್ಬರು ವರ್ಗವಾದರೂ ಮುಂದೆ ಬಂದವರಿಗೆ ಸಿಗುತ್ತದೆ. ಬೆಂಕಿ ಕಾಲಕ್ಕೆ ಹಂಗಾಮಿಯಾಗಿ ದುಡಿಯುವ ಕಾವಲುಗಾರರನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಂಕಿಯ ಮುಂದೆ ಅವರೂ ನಿಲ್ಲುತ್ತಾರೆ.

ಒಂದು ಮಾದರಿ ಕತ್ತಿಯನ್ನು ಮೊದಲು ಮಾಡಿಸಿ, ಗಸ್ತಿನವರು ತಿಂಗಳೊಪ್ಪತ್ತು ಬಳಸಿ ಹೇಳಿದ ಕುಂದುಗಳನ್ನು ತಿದ್ದಿ, ಆಮೇಲೆ ಉಳಿದವನ್ನು ಮಾಡಿಸುವುದು ಜಾಣತನ. ಊರಿನ ಕಮ್ಮಾರರಿಗೆ ಕೆಲಸ ಸಿಕ್ಕಿತು, ದುರಸ್ತಿಯೂ ಹತ್ತಿರವೇ ಆಯಿತು. ಮಹಾನವಮಿಯ ಖಂಡೇಪೂಜೆಗೆ ನಾವು ಆಯುಧಗಳನ್ನು ತೊಳೆದು ಪೂಜಿಸುತ್ತೇವೆ. ಆ ಹೊತ್ತಿಗೆ ಕತ್ತಿಗಳು ಸಿದ್ಧವಾದರೆ, ಹುಲ್ಲು ಒಣಗುವ ಮುನ್ನವೇ ಕಾಡು ಕಾಯುವವರ ಕೈ ಸೇರುತ್ತವೆ.