ಅಸೀಮಾ ಚಟರ್ಜಿ

ಅಸೀಮಾ ಚಟರ್ಜಿ (೨೩ ಸೆಪ್ಟೆಂಬರ್ ೧೯೧೭ – ೨೨ ನವೆಂಬರ್ ೨೦೦೬) ಭಾರತದ ಸಾವಯವ ರಸಾಯನಶಾಸ್ತ್ರಜ್ಞೆ. ಔಷಧೀಯ ಸಸ್ಯಗಳಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸಿ ಅವುಗಳ ಅಣುರಚನೆಯನ್ನು ನಿರ್ಧರಿಸುವುದು ಇವರ ಜೀವಮಾನದ ಕಾರ್ಯವಾಗಿತ್ತು. ಅಪಸ್ಮಾರ ಮತ್ತು ಮಲೇರಿಯಾ ರೋಗಗಳಿಗೆ ಸಸ್ಯಮೂಲದ ಔಷಧಗಳನ್ನು ರೂಪಿಸಿದ ಕೀರ್ತಿಯೂ ಇವರದು.

ಶಿಕ್ಷಣ

ಅಸೀಮಾ ಕಲ್ಕತ್ತೆಯಲ್ಲಿ ಜನಿಸಿದರು. ವೈದ್ಯರಾಗಿದ್ದ ತಂದೆ ಇಂದ್ರನಾರಾಯಣ ಮುಖರ್ಜಿಯವರ ಸಸ್ಯಾಸಕ್ತಿ ಮಗಳಿಗೂ ಬಂದಿತು. ಹೆಣ್ಣುಮಕ್ಕಳು ರಸಾಯನಶಾಸ್ತ್ರವನ್ನು ಆರಿಸಿಕೊಳ್ಳುವುದು ವಿರಳವಾಗಿದ್ದ ಕಾಲದಲ್ಲಿ ಸ್ಕಾಟಿಷ್ ಚರ್ಚ್ ಕಾಲೇಜಿನಿಂದ ೧೯೩೬ರಲ್ಲಿ ಆನರ್ಸ್ ಪದವಿಯನ್ನೂ, ಕಲ್ಕತ್ತ ವಿಶ್ವವಿದ್ಯಾನಿಲಯದಿಂದ ೧೯೩೮ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ೧೯೪೪ರಲ್ಲಿ ಅದೇ ವಿಶ್ವವಿದ್ಯಾನಿಲಯವು ಇವರಿಗೆ ಡಿ.ಎಸ್‌ಸಿ. ಪದವಿ ನೀಡಿತು. ಭಾರತೀಯ ವಿಶ್ವವಿದ್ಯಾನಿಲಯವೊಂದರಿಂದ ಈ ಪದವಿ ಪಡೆದ ಮೊದಲ ಮಹಿಳೆ ಇವರು.

ವೃತ್ತಿಜೀವನ

೧೯೪೦ರಲ್ಲಿ ಕಲ್ಕತ್ತೆಯ ಲೇಡಿ ಬ್ರೇಬೋರ್ನ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗದ ಸ್ಥಾಪಕ ಮುಖ್ಯಸ್ಥೆಯಾದರು. ೧೯೪೦ರ ದಶಕದ ಕೊನೆಯ ವರ್ಷಗಳಲ್ಲಿ ಪುಟ್ಟ ಮಗಳನ್ನು ಜೊತೆಗೆ ಕರೆದುಕೊಂಡು ವಿದೇಶಕ್ಕೆ ತೆರಳಿ, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯ ಮತ್ತು ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯಲ್ಲಿಯೂ, ಬಳಿಕ ಜ್ಯೂರಿಚ್‌ನಲ್ಲಿ ನೊಬೆಲ್ ಪುರಸ್ಕೃತ ಪಾಲ್ ಕಾರರ್ ಅವರೊಡನೆಯೂ ಸಂಶೋಧನೆ ನಡೆಸಿದರು. ಸ್ವದೇಶಕ್ಕೆ ಮರಳಿದ ನಂತರ ೧೯೫೪ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ರೀಡರ್ ಆದರು. ೧೯೬೨ರಿಂದ ೧೯೮೨ರವರೆಗೆ ಅಲ್ಲಿನ ಪ್ರತಿಷ್ಠಿತ ಖೈರಾ ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಿದ್ದರು.

ಸಂಶೋಧನೆ

ಒಂದು ಗಿಡದಿಂದ ಕಾಯಿಲೆ ವಾಸಿಯಾಗುತ್ತದೆ ಎಂಬುದು ಪಾರಂಪರಿಕ ವೈದ್ಯದ ಅನುಭವ. ಗುಣ ನೀಡುವ ವಸ್ತು ಯಾವುದು, ಅದರ ಅಣುವಿನಲ್ಲಿ ಪರಮಾಣುಗಳು ಹೇಗೆ ಜೋಡಣೆಗೊಂಡಿವೆ ಎಂಬುದು ರಸಾಯನಶಾಸ್ತ್ರದ ಪ್ರಶ್ನೆ. ಇದಕ್ಕೆ ಉತ್ತರ ದೊರೆತರೆ ಮಾತ್ರ ಔಷಧದ ಶುದ್ಧತೆ ಮತ್ತು ಪ್ರಮಾಣವನ್ನು ಖಚಿತವಾಗಿ ನಿಗದಿಪಡಿಸಲು ಸಾಧ್ಯ. ಇಂದಿನ ಸೂಕ್ಷ್ಮ ಉಪಕರಣಗಳಿಲ್ಲದ ಆ ಕಾಲದಲ್ಲಿ, ಸಸ್ಯಸಾರದಿಂದ ಶುದ್ಧ ಹರಳುಗಳನ್ನು ಪಡೆದು, ಅಣುವನ್ನು ರಾಸಾಯನಿಕವಾಗಿ ಒಡೆದು, ದೊರೆತ ತುಣುಕುಗಳ ಆಧಾರದಿಂದ ಮೂಲ ರಚನೆಯನ್ನು ಊಹಿಸಬೇಕಾಗಿತ್ತು.

ಅಸೀಮಾ ಅವರು ಮುಖ್ಯವಾಗಿ ಆಲ್ಕಲಾಯ್ಡ್‌ಗಳನ್ನು, ಅಂದರೆ ಸಸ್ಯಗಳಲ್ಲಿ ದೊರೆಯುವ ಸಾರಜನಕಯುಕ್ತ ಕ್ಷಾರಗುಣದ ಸಂಯುಕ್ತಗಳನ್ನು ಅಭ್ಯಸಿಸಿದರು. ಸರ್ಪಗಂಧಿಯ ಕುಲಕ್ಕೆ ಸೇರಿದ ಗಿಡಗಳಲ್ಲಿನ ಅಜ್ಮಲಿಸಿನ್ ಮತ್ತು ಸಾರ್ಪಗಿನ್‌ಗಳ ರಚನೆಯನ್ನು ಕುರಿತ ಇವರ ಕೆಲಸ ಮಹತ್ವದ್ದು. ಕೂಮರಿನ್ ವರ್ಗದ ಸಂಯುಕ್ತಗಳ ಮೇಲೆಯೂ ಸಂಶೋಧನೆ ನಡೆಸಿದರು.

ನಿತ್ಯಪುಷ್ಪದ (ಕಾಶಿ ಕಣಗಿಲೆ) ಆಲ್ಕಲಾಯ್ಡ್‌ಗಳೂ ಇವರ ಅಧ್ಯಯನದ ವಸ್ತುವಾಗಿದ್ದವು. ಆದರೆ ಈ ಗಿಡದಿಂದ ಬಂದ ಕ್ಯಾನ್ಸರ್ ಔಷಧಗಳಾದ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್‌ಗಳು ೧೯೫೦ರ ದಶಕದ ಕೊನೆಯಿಂದ ಕೆನಡಾ ಮತ್ತು ಅಮೆರಿಕದ ಬೇರೆ ಸಂಶೋಧಕರು ಕಂಡುಹಿಡಿದವು. ಇವುಗಳ ಶೋಧವನ್ನು ಅಸೀಮಾ ಅವರಿಗೆ ಆರೋಪಿಸುವುದು ಸರಿಯಲ್ಲ.

ಔಷಧಗಳು

ನೀರಿನಲ್ಲಿ ಬೆಳೆಯುವ, ನಾಲ್ಕು ದಳಗಳ ಎಲೆಯುಳ್ಳ ಶುಷ್ನಿ ಎಂಬ ಜರಿಗಿಡ ಹಾಗೂ ಜಟಾಮಾಂಸಿಯಿಂದ ಅಪಸ್ಮಾರಕ್ಕೆ 'ಆಯುಷ್-೫೬' ಎಂಬ ಔಷಧವನ್ನು ರೂಪಿಸಿದರು. ಹಾಲೆ ಮರ, ಕಿರಾತಕಡ್ಡಿ, ಕಟುಕರೋಹಿಣಿ ಮತ್ತು ಗಜ್ಜುಗಗಳಿಂದ ಮಲೇರಿಯಾ ನಿರೋಧಕ ಔಷಧವನ್ನು ಸಿದ್ಧಪಡಿಸಿದರು. ಕರ್ನಾಟಕದ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯಂದು ಕಷಾಯವಾಗಿ ಕುಡಿಯುವುದು ಇದೇ ಹಾಲೆ ಮರದ ತೊಗಟೆಯನ್ನು.

ಗ್ರಂಥ ಮತ್ತು ಗೌರವಗಳು

ಸತ್ಯೇಶಚಂದ್ರ ಪಾಕ್ರಾಶಿ ಅವರೊಡಗೂಡಿ ಭಾರತದ ಔಷಧೀಯ ಸಸ್ಯಗಳನ್ನು ಕುರಿತ ಆರು ಸಂಪುಟಗಳ ಗ್ರಂಥವನ್ನು ಸಂಪಾದಿಸಿದರು. ೧೯೬೧ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಗೆ ಪಾತ್ರರಾಗಿ, ಆ ಗೌರವ ಪಡೆದ ಮೊದಲ ಮಹಿಳೆ ಎನಿಸಿದರು. ೧೯೭೫ರಲ್ಲಿ ಪದ್ಮಭೂಷಣ ಸಂದಿತು. ಅದೇ ವರ್ಷ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಪ್ರಥಮ ಮಹಿಳಾ ಅಧ್ಯಕ್ಷರಾದರು. ೧೯೮೨ರಿಂದ ೧೯೯೦ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು. ತಮ್ಮ ೮೯ನೆಯ ವಯಸ್ಸಿನಲ್ಲಿ ನಿಧನರಾದರು.