ಗಣಕಯಂತ್ರದ ಕಾಯಿಲೆಯೂ ಕಡತಗಳ ಉಳಿವೂ

ಇತಿಹಾಸದ ಅಧ್ಯಾಪಕನೊಬ್ಬನು ಗಣಕಯಂತ್ರದ ರಿಪೇರಿಯನ್ನು ಕುರಿತು ಬರೆಯಹೊರಟರೆ ಬಲ್ಲವರು ನಗಬಹುದು. ನಗಲಿ. ಕಳೆದ ಬೇಸಗೆಯಲ್ಲಿ ನಮ್ಮ ವಿಭಾಗಕ್ಕೆ ಒದಗಿದ ಆಪತ್ತು ನನಗೆ ಆ ಶಾಸ್ತ್ರದ ಅಕ್ಷರಾಭ್ಯಾಸವನ್ನು ಬಲವಂತವಾಗಿ ಮಾಡಿಸಿತು. ಅಂಥದೇ ಆಪತ್ತು ನಾಳೆ ಈ ಸಂಚಿಕೆಯನ್ನು ಓದುವ ಯಾವ ವಿದ್ಯಾರ್ಥಿಗಾದರೂ ಬರಬಹುದಾದ್ದರಿಂದ, ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಹೇಳಿಬಿಡುತ್ತೇನೆ.

ದೊಡ್ಡಬಳ್ಳಾಪುರ ಮಗ್ಗಗಳ ಊರು. ನಮ್ಮ ತರಗತಿಗಳಲ್ಲಿ ಕುಳಿತುಕೊಳ್ಳುವ ಮಕ್ಕಳಲ್ಲಿ ಅನೇಕರು ರಾತ್ರಿ ಮಗ್ಗದ ಸದ್ದಿನಲ್ಲೇ ಓದಿ ಬೆಳಗ್ಗೆ ಕಾಲೇಜಿಗೆ ಬರುವವರು. ಎರಡು ವರ್ಷಗಳ ಕಾಲ ಈ ಮಕ್ಕಳು ಬೀದಿ ಬೀದಿ ಸುತ್ತಿ ನಲವತ್ತಮೂರು ಮಂದಿ ಹಿರಿಯ ನೇಕಾರರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ಬಂದಿದ್ದರು. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದದ್ದು, ರೇಷ್ಮೆಯ ಧಾರಣೆ ಕುಸಿದ ವರ್ಷಗಳು, ಮದುವೆಗೆ ಸಾಲ ಮಾಡಿದ್ದು, ಎಲ್ಲವೂ ಅದರಲ್ಲಿತ್ತು. ಜೊತೆಗೆ ಸುತ್ತಲಿನ ಹಳ್ಳಿಗಳ ವೀರಗಲ್ಲು, ಶಾಸನಗಳ ಚಿತ್ರಗಳು. ಇಷ್ಟೂ ಸಂಗ್ರಹ ವಿಭಾಗದ ಒಂದೇ ಗಣಕಯಂತ್ರದ ಒಂದೇ ಡಿಸ್ಕಿನಲ್ಲಿತ್ತು. ಮಾತು ಹೇಳಿದವರಲ್ಲಿ ಆರು ಮಂದಿ ಆ ವೇಳೆಗಾಗಲೇ ತೀರಿಕೊಂಡಿದ್ದರು.

ಆ ಯಂತ್ರ ಹಳೆಯದು. ಹೊಸ ತಂತ್ರಾಂಶವನ್ನು ಹಣ ಕೊಟ್ಟು ಕೊಳ್ಳುವ ಶಕ್ತಿ ವಿಭಾಗಕ್ಕಿರಲಿಲ್ಲವಾಗಿ ಅದರಲ್ಲಿ ಲಿನಕ್ಸ್ ಹಾಕಿಸಿದ್ದೆವು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ವ್ಯವಸ್ಥೆ ಅದು. ಬಿಟ್ಟಿ ಎಂಬ ಕಾರಣಕ್ಕೆ ತಂದ ಲಿನಕ್ಸೇ ಕಡೆಗೆ ನಮ್ಮನ್ನು ಕಾಪಾಡಿತೆಂಬುದು ಬೇರೆ ಮಾತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಗಿ, ಬಂದು, ಮತ್ತೆ ಹೋಯಿತು. ಯುಪಿಎಸ್‌ನ ಬ್ಯಾಟರಿ ಎಂದೋ ಸತ್ತಿತ್ತು. ಮರುದಿನ ಯಂತ್ರವನ್ನು ಹಚ್ಚಿದರೆ ಪರದೆಯ ತುಂಬ ಬಿಳಿಯ ಅಕ್ಷರಗಳು ಸಾಲುಸಾಲಾಗಿ ಹರಿದು ನಿಂತವು. ಕಡತವ್ಯವಸ್ಥೆ ಅಸ್ತವ್ಯಸ್ತವಾಗಿದೆ, ‘ಎಫ್‌ಎಸ್‌ಸಿಕೆ’ಯನ್ನು ಕೈಯಾರೆ ನಡೆಸಿರಿ ಎಂದಿತ್ತು ಕೊನೆಯ ಸಾಲು. ಪೆಟ್ಟಿಗೆಯೊಳಗಿಂದ ಗಡಿಯಾರದಂತೆ ‘ಟಿಕ್, ಟಿಕ್’ ಸದ್ದು. ನಾನು ನಾಲ್ಕೈದು ಸಲ ಆರಿಸಿ ಹಚ್ಚಿದೆ. ಬಳಿಕ ಪರದೆ ಹೇಳಿದಂತೆ ಆ ಆಜ್ಞೆಯನ್ನು ಬರೆದೆ. ಸರಿಪಡಿಸಲೇ ಎಂದು ಅದು ಕೇಳಿದಾಗಲೆಲ್ಲ ಹೂಂ ಎಂದೆ. ನೂರಾರು ಸಲ ಹೂಂ ಎಂದಿರಬೇಕು. ಬೀದಿಯ ರಿಪೇರಿ ಅಂಗಡಿಯವರೊಬ್ಬರು ಫಾರ್ಮ್ಯಾಟ್ ಮಾಡಿಬಿಟ್ಟರೆ ಹೊಸದರಂತಾಗುತ್ತದೆ ಎಂದರು. ಪುಣ್ಯಕ್ಕೆ ಅದೊಂದನ್ನು ಮಾಡಲಿಲ್ಲ.

ಗಣಕ ಪ್ರಯೋಗಾಲಯದಲ್ಲಿ ಕೆಲಸಕ್ಕಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸದ್ದನ್ನು ಕೇಳಿದವನೇ ಓಡಿಬಂದು ಪ್ಲಗ್ಗನ್ನು ಕಿತ್ತ. “ಸಾರ್, ದಯವಿಟ್ಟು ಇನ್ನೊಂದು ಸಲ ಸ್ವಿಚ್ ಒತ್ತಬೇಡಿ” ಎಂದ. ಮುಂದೆ ನಾನು ಬರೆಯುವುದೆಲ್ಲ ಅವನಿಂದ ಕಲಿತದ್ದು.

ಯಂತ್ರ ಕೆಟ್ಟಾಗ ಮೊದಲು ಕೇಳಬೇಕಾದ ಪ್ರಶ್ನೆ, ಕೆಟ್ಟಿರುವುದು ಯಾವುದು? ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಯೋ, ಮೆಮೊರಿಯ ಪಟ್ಟಿಯೋ, ಕೇಬಲ್ಲೋ, ಡಿಸ್ಕೋ? ಮೆಮೊರಿ ಕೆಟ್ಟರೂ ಕಡತಗಳು ಹಾಳಾದಂತೆಯೇ ಕಾಣುತ್ತದೆ. ಆದ್ದರಿಂದ ಅವನು ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು, ಮೆಮೊರಿ ಪಟ್ಟಿಯ ಬಂಗಾರದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಧೂಳು ತೆಗೆದು, ‘ಮೆಮ್‌ಟೆಸ್ಟ್’ ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ಓಡಲು ಬಿಟ್ಟ. ಒಂದು ತಪ್ಪೂ ಬರಲಿಲ್ಲ. ಡಿಸ್ಕಿಗೆ ಹೊಸ ಕೇಬಲ್ಲು ಹಾಕಿ, ಪೆನ್‌ಡ್ರೈವಿನಲ್ಲಿದ್ದ ಬೇರೊಂದು ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಿದ. ಲಿನಕ್ಸಿನ ಒಡಲಾಳದ ವರದಿಯನ್ನು ‘ಡಿಮೆಸೇಜ್’ ಎಂಬ ಆಜ್ಞೆಯಿಂದ ಓದಬಹುದು. ಕೇಬಲ್ಲು ಬದಲಾದರೂ ಅದರಲ್ಲಿ ಇಂಥ ಸೆಕ್ಟರನ್ನು ಓದಲಾಗಲಿಲ್ಲವೆಂಬ ಸಾಲುಗಳೇ ತುಂಬಿದ್ದವು. ರೋಗ ಡಿಸ್ಕಿನಲ್ಲೇ ಎಂದು ಖಚಿತವಾಯಿತು.

ಡಿಸ್ಕಿನೊಳಗೆ ಏನಿದೆಯೆಂದು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಕನ್ನಡಿಯಂತೆ ಹೊಳೆಯುವ ತಟ್ಟೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು. ತೇಲುವ ಮುಳ್ಳು ತಟ್ಟೆಗೆ ತಾಗಿತೆಂದರೆ ಗೀರು ಬೀಳುತ್ತದೆ; ಉದುರಿದ ಪುಡಿ ಮತ್ತೊಂದು ಗೀರಿಗೆ ಕಾರಣವಾಗುತ್ತದೆ. ತನ್ನ ಜಾಗ ಸಿಗದೆ ಮುಳ್ಳು ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುವ ಸದ್ದೇ ಆ ‘ಟಿಕ್, ಟಿಕ್’. ನಾನು ಸ್ವಿಚ್ ಒತ್ತಿದ ಒಂದೊಂದು ಸಲವೂ ಎಷ್ಟು ಗೀರು ಎಳೆದೆನೋ!

ತಟ್ಟೆಯ ಮೇಲಿನ ಬರಹ ಚಿಕ್ಕ ಚಿಕ್ಕ ತುಂಡುಗಳಾಗಿರುತ್ತದೆ. ಈ ತುಂಡೇ ಸೆಕ್ಟರ್. 512 ಬೈಟುಗಳ ಲೆಕ್ಕದಲ್ಲಿ 500 ಗಿಗಾಬೈಟಿನ ನಮ್ಮ ಡಿಸ್ಕಿನಲ್ಲಿ 97 ಕೋಟಿ 67 ಲಕ್ಷ ಚಿಲ್ಲರೆ ಸೆಕ್ಟರುಗಳಿದ್ದವು. ನೇಕಾರರ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಜಕಾರ್ಡ್ ಮಗ್ಗದ ನೆತ್ತಿಯ ಮೇಲೆ ರಂಧ್ರ ಕೊರೆದ ರಟ್ಟುಗಳ ಮಾಲೆ ಇರುತ್ತದಲ್ಲವೆ? ಒಂದೊಂದು ಹೊಕ್ಕಿಗೆ ಒಂದೊಂದು ರಟ್ಟು. ಒಂದು ರಟ್ಟು ಹರಿದರೆ ಸೀರೆಯೇನೂ ಮಾಯವಾಗುವುದಿಲ್ಲ, ಆ ಎಳೆಯಲ್ಲಿ ಮಾತ್ರ ಹೂವು ಕೆಡುತ್ತದೆ. ಆದರೆ ಹರಿದ ರಟ್ಟನ್ನು ಹಾಗೇ ಓಡಿಸುತ್ತಿದ್ದರೆ ಅದು ಸಿಕ್ಕಿಕೊಂಡು ಅಕ್ಕಪಕ್ಕದವನ್ನೂ ಹರಿಯುತ್ತದೆ.

ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ‘ಸ್ಮಾರ್ಟ್’ ಎಂದು ಅದರ ಹೆಸರು. ‘ಸ್ಮಾರ್ಟ್‌ಸಿಟಿಎಲ್’ ಎಂಬ ಆಜ್ಞೆಯಿಂದ ಆ ಪಟ್ಟಿಯನ್ನು ತರಿಸಿಕೊಳ್ಳಬಹುದು. ಐದನೆಯ ಸಂಖ್ಯೆಯ ಸಾಲು ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರುಗಳ ಲೆಕ್ಕ. 197ನೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳದು. 199ನೆಯದು ಮಾತ್ರ ಏರುತ್ತಿದ್ದರೆ ಕೇಬಲ್ಲನ್ನು ಸಂಶಯಿಸಬೇಕು. ನಮ್ಮ ಡಿಸ್ಕಿನಲ್ಲಿ 197ರ ಎದುರು 376 ಎಂದಿತ್ತು. ಸೋಜಿಗವೆಂದರೆ ಪಟ್ಟಿಯ ತಲೆಯಲ್ಲಿ ಒಟ್ಟು ಆರೋಗ್ಯ ‘ತೇರ್ಗಡೆ’ ಎಂದೇ ಬರೆದಿತ್ತು! ಸಾಯುವ ರೋಗಿಗೆ ಕೊಟ್ಟ ಆರೋಗ್ಯದ ಸರ್ಟಿಫಿಕೇಟಿನಂತೆ. ಈ ಪಟ್ಟಿಯನ್ನು ಎಷ್ಟು ನಂಬಬೇಕೆಂಬುದನ್ನು ಗೂಗಲ್ ಸಂಸ್ಥೆಯವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದರು. ತಪಾಸಣೆಯಲ್ಲಿ ಮೊದಲ ತಪ್ಪು ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ತಪ್ಪು ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಹಾಗೆಂದು ಪಟ್ಟಿ ಸ್ವಚ್ಛವಾಗಿದ್ದರೆ ನಿಶ್ಚಿಂತರಾಗಿರುವಂತಿಲ್ಲ. ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಬಲವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರದೆ ಕೆಟ್ಟಿದ್ದವು.

ಇಲ್ಲಿಯವರೆಗೆ ರೋಗನಿದಾನ. ಇನ್ನು ಚಿಕಿತ್ಸೆ ಎಂದುಕೊಂಡು ನಾನು ಎಫ್‌ಎಸ್‌ಸಿಕೆಯ ಮಾತೆತ್ತಿದಾಗ ಅವನು ತಲೆ ಚಚ್ಚಿಕೊಂಡ. ಲಿನಕ್ಸಿನ ಕಡತವ್ಯವಸ್ಥೆ ಅಂಗಡಿಯ ಲೆಕ್ಕದಂತೆ. ಅದರಲ್ಲಿ ಖಾತೆ ಇದೆ, ಅಂದಂದಿನ ವ್ಯವಹಾರವನ್ನು ಮೊದಲು ಗೀಚಿಕೊಳ್ಳುವ ಕಿರ್ದಿಯೂ ಇದೆ. ಎಫ್‌ಎಸ್‌ಸಿಕೆ ಎಂಬ ಗುಮಾಸ್ತ ಕಿರ್ದಿ ಖಾತೆಗಳನ್ನು ತಾಳೆ ನೋಡಿ, ತಾಳೆಯಾಗದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆಯುತ್ತಾನೆ. ಪುಸ್ತಕದ ಹಾಳೆಗಳು ಗಟ್ಟಿಯಾಗಿದ್ದರೆ ಇದು ಬಹಳ ಉಪಕಾರ. ಹಾಳೆಯೇ ಗೆದ್ದಲು ಹಿಡಿದಿದ್ದರೆ, ಓದಲಾಗದ ಪುಟವನ್ನು ಅವನು ಖಾಲಿ ಪುಟವೆಂದೇ ಎಣಿಸಿ ಲೆಕ್ಕ ಮುಗಿಸಬಹುದು. ನನ್ನ ನೂರಾರು ‘ಹೂಂ’ಗಳ ಫಲವಾಗಿ ಅನೇಕ ಕಡತಗಳು ತಮ್ಮ ಹೆಸರನ್ನು ಕಳೆದುಕೊಂಡು, ‘ಲಾಸ್ಟ್ ಪ್ಲಸ್ ಫೌಂಡ್’ ಎಂಬ ಅನಾಥಾಲಯದಲ್ಲಿ ಬರಿಯ ಅಂಕಿಗಳಾಗಿ ಬಿದ್ದಿದ್ದುವೆಂದು ಮುಂದೆ ತಿಳಿಯಿತು.

ಮೊದಲು ಪ್ರತಿ, ಆಮೇಲೆ ಓದು. ರಿಪೇರಿ ಏನಿದ್ದರೂ ಪ್ರತಿಯ ಮೇಲೆ. ಇದನ್ನು ಕೇಳಿದಾಗ ನನಗೆ ನಾಚಿಕೆಯಾಯಿತು. ಇತಿಹಾಸದವನಾದ ನನಗೆ ಇದು ಗೊತ್ತಿರಬೇಕಾದ ಮಾತು. ಸವೆದ ಶಾಸನವನ್ನು ಓದಲು ಯಾರೂ ಉಳಿ ಹಿಡಿದು ಕಲ್ಲನ್ನು ಕೆರೆಯುವುದಿಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. ಓದುವುದು ಮನೆಯಲ್ಲಿ ಕುಳಿತು, ಆ ಅಚ್ಚಿನಿಂದ. ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ ಒಂಬತ್ತನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರಷ್ಟೆ. ಅನಂತರ ಕಳೆದುಹೋದ ಕಲ್ಲುಗಳ ಪಾಠವೂ ನಮಗೆ ದೊರೆಯುತ್ತಿರುವುದು ಆಗ ತೆಗೆದಿಟ್ಟ ಪ್ರತಿಯಿಂದಲೇ.

ಡಿಸ್ಕಿನ ಪಡಿಯಚ್ಚು ತೆಗೆಯುವ ಸಾಧನ ‘ಡಿಡಿ-ರೆಸ್ಕ್ಯೂ’. ಆಂಟೋನಿಯೊ ಡಿಯಾಸ್ ಡಿಯಾಸ್ ಎಂಬವರು ಬರೆದು ಲೋಕಕ್ಕೆ ಬಿಟ್ಟಿಯಾಗಿ ಕೊಟ್ಟಿರುವ ತಂತ್ರಾಂಶ. ಅದಕ್ಕೆ ಕೆಟ್ಟ ಡಿಸ್ಕಿಗಿಂತ ದೊಡ್ಡದಾದ ಒಳ್ಳೆಯ ಡಿಸ್ಕು ಬೇಕು. ಸರಕಾರಿ ಕಾಲೇಜಿನಲ್ಲಿ ಡಿಸ್ಕು ಕೊಳ್ಳಬೇಕಾದರೆ ಮೂರು ಕೊಟೇಷನ್ನು, ಒಂದು ಟಿಪ್ಪಣಿ, ಎರಡು ಸಹಿ. ಅಷ್ಟು ದಿನ ಕಾಯಲಾರದೆ ಕೈಯಿಂದಲೇ ಹಣ ಕೊಟ್ಟು ತಂದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಈ ಸಾಧನದ ಜಾಣತನ ಅದರ ತಾಳ್ಮೆಯಲ್ಲಿದೆ. ಸಾಧಾರಣ ನಕಲು ಕೆಟ್ಟ ಜಾಗ ಬಂದೊಡನೆ ಅಲ್ಲೇ ಜಗ್ಗಾಡುತ್ತ ನಿಲ್ಲುತ್ತದೆ. ಇದು ಕೆಟ್ಟ ಜಾಗವನ್ನು ಗುರುತು ಹಾಕಿಕೊಂಡು ದಾಟಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಬಳಿಕ ಬಿಟ್ಟ ಜಾಗಗಳ ಅಂಚುಗಳಿಗೆ ಬಂದು, ಎರಡು ಕಡೆಯಿಂದಲೂ ಒಂದೊಂದೇ ಸೆಕ್ಟರನ್ನು ಕೆದಕುತ್ತದೆ. ಎಲ್ಲಿಯವರೆಗೆ ಬಂದೆನೆಂಬುದನ್ನು ನಕ್ಷೆಯ ಕಡತವೊಂದರಲ್ಲಿ ಬರೆದಿಡುತ್ತದೆ. ನಡುವೆ ಎರಡು ಸಲ ಕರೆಂಟು ಹೋದರೂ ನಾವು ಬಿಟ್ಟಲ್ಲಿಂದ ಮುಂದುವರಿಸಿದ್ದು ಈ ನಕ್ಷೆಯ ಬಲದಿಂದ. ಒಳ್ಳೆಯ ಡಿಸ್ಕಾಗಿದ್ದರೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಒಂದೇ ಎಚ್ಚರ: ಆಜ್ಞೆಯಲ್ಲಿ ಮೂಲ ಯಾವುದು, ಪ್ರತಿ ಯಾವುದು ಎಂಬುದು ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಅಚ್ಚಾಗಿಬಿಡುತ್ತದೆ. ನಾವು ಡಿಸ್ಕಿನ ಮೈಮೇಲಿನ ಕ್ರಮಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಪರದೆಯದರೊಡನೆ ಹೋಲಿಸಿದ ಮೇಲೆಯೇ ಮುಂದುವರಿದೆವು.

ಪ್ರತಿ ಕೈಗೆ ಬಂದ ಮೇಲೆ ಅದನ್ನು ಓದಲು ಮಾತ್ರ ಅನುಮತಿ ಕೊಟ್ಟು, ಕಿರ್ದಿಯನ್ನೂ ಮುಟ್ಟಬಾರದೆಂದು ವಿಧಿಸಿ ತೆರೆದ. ಕಡತಗಳು ಕಂಡವು! ಹೆಸರು ಕಳೆದುಕೊಂಡವನ್ನು ಒಂದೊಂದಾಗಿ ತೆರೆದು, ದನಿ ಗುರುತಿಸಿ, ಹೆಸರಿಡುವ ಕೆಲಸ ಮಕ್ಕಳದಾಯಿತು. ಖಾತೆಯಲ್ಲಿ ಸುಳಿವೇ ಇಲ್ಲದ ಕೆಲವು ಚಿತ್ರಗಳನ್ನು ಕ್ರಿಸ್ತೋಫ್ ಗ್ರೆನಿಯೆ ಎಂಬವರ ‘ಫೋಟೋರೆಕ್’ ಹುಡುಕಿಕೊಟ್ಟಿತು. ಅದು ಖಾತೆಯ ಗೊಡವೆಗೇ ಹೋಗದೆ, ಚಿತ್ರ, ಧ್ವನಿ ಮುಂತಾದ ಕಡತಗಳ ಮೊದಲ ಬೈಟುಗಳ ಗುರುತಿನಿಂದಲೇ ಅವನ್ನು ಪತ್ತೆಹಚ್ಚುತ್ತದೆ.

ಕೆಟ್ಟ ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆಂಬ ಮಾತು ಪ್ರಚಾರದಲ್ಲಿದೆ. ಹೊರತೆಗೆದಾಗ ಒಳಗೆ ನೀರು ಹನಿಗಟ್ಟುತ್ತದೆಂಬುದನ್ನು ಹೇಳುವವರು ಮರೆಯುತ್ತಾರೆ. ಮುಚ್ಚಳ ಬಿಚ್ಚಿ ನೋಡುವ ಕುತೂಹಲವೂ ಬೇಡ. ಆ ಮುಳ್ಳಿಗೆ ನಮ್ಮ ಊರಿನ ಧೂಳಿನ ಒಂದು ಕಣ ಬಂಡೆಯಿದ್ದಂತೆ. ಈಚಿನ ಎಸ್‌ಎಸ್‌ಡಿಗಳಿಗೆ ತಟ್ಟೆಯೂ ಇಲ್ಲ, ಸದ್ದೂ ಇಲ್ಲ. ಅವು ಎಚ್ಚರಿಕೆ ಕೊಡದೆ ಒಮ್ಮೆಲೇ ಮೂಕವಾಗಬಹುದು. ಅವುಗಳಲ್ಲಿ ಅಳಿಸಿದ ಕಡತದ ಜಾಗವನ್ನು ಲಿನಕ್ಸೇ ಆಗಾಗ ಖಾಲಿಯೆಂದು ತಿಳಿಸಿಬಿಡುವುದರಿಂದ, ಕೈತಪ್ಪಿ ಅಳಿಸಿದ್ದನ್ನು ಮರಳಿ ಪಡೆಯುವ ಆಸೆಯೂ ಕಡಿಮೆ.

ಕಡೆಗೆ ಓದಲಾಗದೆ ಉಳಿದದ್ದು 28 ಮೆಗಾಬೈಟು. ಇಡೀ ಡಿಸ್ಕಿನಲ್ಲಿ ಲಕ್ಷಕ್ಕೆ ಆರು ಪಾಲೂ ಇಲ್ಲ. ಆ ರಂಧ್ರಗಳು ಯಾವ ಕಡತಗಳಲ್ಲಿವೆ ಎಂದು ತಿಳಿಯಲು ಅವನು ಇನ್ನೊಂದು ಪ್ರತಿಯಲ್ಲಿ ರಂಧ್ರಗಳನ್ನೆಲ್ಲ ಒಂದು ಗುರುತಿನ ಪದದಿಂದ ತುಂಬಿಸಿ, ಆ ಪದವಿರುವ ಕಡತಗಳನ್ನು ಹುಡುಕಿಸಿದ. ಬಹುಪಾಲು ಯಾರಿಗೂ ಬೇಡದ ಕಡತಗಳಲ್ಲಿದ್ದವು. 21 ಮೆಗಾಬೈಟು ಮಾತ್ರ ಒಂದೇ ಧ್ವನಿಮುದ್ರಿಕೆಯಲ್ಲಿತ್ತು. ನಮ್ಮ ಮುದ್ರಣದ ಲೆಕ್ಕದಲ್ಲಿ ಸೆಕೆಂಡಿಗೆ 1,76,400 ಬೈಟು. ಅಂದರೆ ಎರಡು ನಿಮಿಷ.

ತೀರಿಕೊಂಡ ಆರು ಮಂದಿಯಲ್ಲಿ ಒಬ್ಬರಾದ ಅಜ್ಜನ ಮುದ್ರಿಕೆ ಅದು. “ಆವಾಗ ಸೀರೆ ಅಂಚಿಗೆ ಹಾಕ್ತಿದ್ದ ಹೂವುಗಳ ಹೆಸರು ಹೇಳ್ತೀನಿ, ಬರಕೊಳ್ಳಮ್ಮ” ಎನ್ನುತ್ತಾರೆ. ಅಲ್ಲಿಂದ ಎರಡು ನಿಮಿಷ ನಿಶ್ಶಬ್ದ. ಮಗ್ಗದ ಸದ್ದು ಕೂಡ ಇಲ್ಲ. ಆಮೇಲೆ “ಇಷ್ಟೇ ನೋಡು ಜ್ಞಾಪಕ ಇರೋದು” ಎಂಬ ಮಾತು. ಯಂತ್ರ ಓಡುತ್ತಿದೆಯಲ್ಲ ಎಂದು ಆ ಹುಡುಗಿ ಬರೆದುಕೊಂಡಿರಲಿಲ್ಲ.

ಈಗ ಅವಳು ರಜೆಯ ದಿನಗಳಲ್ಲಿ ಅದೇ ಬೀದಿಯ ಮನೆಗಳಿಗೆ ಮತ್ತೆ ಹೋಗುತ್ತಿದ್ದಾಳೆ. ಅಜ್ಜನ ಜೊತೆ ನೇಯುತ್ತಿದ್ದವರಿಂದ ಇದುವರೆಗೆ ಏಳು ಹೆಸರುಗಳು ಸಿಕ್ಕಿವೆ. ನೋಟುಬುಕ್ಕಿನಲ್ಲಿ ಬರೆದು ತಂದು ತೋರಿಸಿದಳು.